ಹೆಲ್ಮೆಟ್ಟಿನೊಳಗಿನ ಮೂರು ಕೂಗು: ಸ್ಕೈಡೈವಿಂಗ್ ಆಡಿಬಲ್‌ಗೆ ಅಲಾರಂ ಇಡುವುದು ಹೇಗೆ?

ಸ್ಕೈಡೈವಿಂಗ್ ಎಂದರೆ ನಮ್ಮ ಕಡೆಯವರಿಗೆ ಈಗ ತೀರಾ ಅಪರಿಚಿತವೇನಲ್ಲ. ಮೈಸೂರಿನ ವಿಮಾನ ನಿಲ್ದಾಣದಿಂದ ಜಿಗಿಸುವ ಶಿಬಿರಗಳು ನಡೆದಿವೆ. ದುಬೈಗೆ ಹೋದವರು ಪಾಮ್ ಜುಮೇರಾದ ಮೇಲಿಂದ ಜಿಗಿದ ವಿಡಿಯೊವನ್ನು ಬಂಧುಬಳಗಕ್ಕೆಲ್ಲ ಕಳಿಸುತ್ತಾರೆ. ಅವೆಲ್ಲ ಹೆಚ್ಚಾಗಿ ಟ್ಯಾಂಡೆಮ್ ಜಿಗಿತಗಳು, ಅಂದರೆ ತರಬೇತುದಾರರ ಎದೆಗೆ ಕಟ್ಟಿಸಿಕೊಂಡು ಹಾರುವಂಥವು. ಎತ್ತರ ನೋಡುವುದು, ಪ್ಯಾರಾಚೂಟ್ ಬಿಚ್ಚುವುದು ಎಲ್ಲ ಅವರ ಕೆಲಸ. ನಿಮ್ಮದು ಕಿರುಚುವ ಕೆಲಸ ಮಾತ್ರ.

ಆದರೆ ಅಮೆರಿಕ, ಯುರೋಪಿಗೆ ಓದಲೋ ದುಡಿಯಲೋ ಹೋದ ಕೆಲವರು ಅಲ್ಲಿಗೇ ನಿಲ್ಲುವುದಿಲ್ಲ. ತರಬೇತಿ ಮುಗಿಸಿ, ಲೈಸೆನ್ಸ್ ಪಡೆದು, ಒಬ್ಬರೇ ಜಿಗಿಯತೊಡಗುತ್ತಾರೆ. ಆಗ ಕೊಳ್ಳುವ ಸಾಮಾನಿನ ಪಟ್ಟಿಯಲ್ಲಿ ಮೊದಮೊದಲೇ ಬರುವುದು ‘ಆಡಿಬಲ್’. ಕೊಂಡ ದಿನವೇ ಪ್ರಶ್ನೆಯೂ ಶುರು: ಇದಕ್ಕೆ ಯಾವ ಎತ್ತರ ತುಂಬಿಸಲಿ? ಮೂರು ಸಂಖ್ಯೆ ಹಾಕಿದರೆ ಮುಗಿಯುವ ಕೆಲಸ ಅದು. ಆದರೆ ಆ ಮೂರನ್ನು ಲೆಕ್ಕ ಹಾಕಿ ಇಡಬೇಕು. ಪಕ್ಕದವರು ಇಟ್ಟದ್ದನ್ನು ನೋಡಿ ಇಡುವಂಥದ್ದಲ್ಲ.

ಏನಿದು, ಕಿವಿಗೇಕೆ?

ಪೂರ್ಣ ಹೆಸರು ಆಡಿಬಲ್ ಆಲ್ಟಿಮೀಟರ್. ಆಲ್ಟಿಮೀಟರ್ ಎಂದರೆ ಎತ್ತರ ಅಳೆಯುವ ಉಪಕರಣ. ಮಾಮೂಲಿ ಆಲ್ಟಿಮೀಟರನ್ನು ಮಣಿಕಟ್ಟಿಗೋ ಅಂಗೈ ಹಿಂಭಾಗಕ್ಕೋ ಕಟ್ಟಿಕೊಂಡು ಕಣ್ಣಿಂದ ನೋಡುತ್ತಾರೆ. ಆಡಿಬಲ್ ಹೆಲ್ಮೆಟ್ಟಿನೊಳಗೆ, ಕಿವಿಯ ಪಕ್ಕದ ಸಣ್ಣ ಜೇಬಿನಲ್ಲಿ ಕೂರುತ್ತದೆ. ನೀವು ಮೊದಲೇ ತುಂಬಿಸಿಟ್ಟ ಎತ್ತರ ಬಂದಾಗ ಕೂಗುತ್ತದೆ. ಸಾಮಾನ್ಯವಾಗಿ ಮೂರು ಕೂಗು: ಮೊದಲನೆಯದು ಬಿಡಿಬಿಡಿ ಬೀಪ್, ಎರಡನೆಯದು ಅದಕ್ಕಿಂತ ಚುರುಕು, ಮೂರನೆಯದು ಸೈರನ್ನಿನಂತೆ ಬಿಡದೆ ಬರುವ ಶಬ್ದ. ಅಡುಗೆಮನೆಗೆ ಹೋಗದೆಯೂ ಕುಕ್ಕರಿನ ಕೂಗು ಎಣಿಸಿ ಒಲೆ ಆರಿಸಲು ಹೇಳುವ ಅಜ್ಜಿಯಂತೆ, ಎಷ್ಟನೆಯ ಕೂಗು ಎಂಬುದರಿಂದಲೇ ನೀವು ಎಲ್ಲಿದ್ದೀರಿ ಎಂದು ತಿಳಿಯಬೇಕು.

ಕಣ್ಣಿಗೆ ಕಾಣುವ ಮೀಟರ್ ಇರುವಾಗ ಇದೇಕೆ ಬೇಕು? ಕಾರಣ ವೇಗ. ವಿಮಾನ ಸುಮಾರು 13,000 ಅಡಿಗೆ ಒಯ್ದು ಬಿಡುತ್ತದೆ. ಪ್ಯಾರಾಚೂಟ್ ಬಿಚ್ಚುವವರೆಗಿನ ಬೀಳುವಿಕೆಗೆ ಫ್ರೀಫಾಲ್ ಎನ್ನುತ್ತಾರೆ. ಮೊದಲ 1,000 ಅಡಿ ಬೀಳಲು 10 ಸೆಕೆಂಡು ಹಿಡಿಯುತ್ತದೆ. ಅಷ್ಟು ಹೊತ್ತಿಗೆ ವೇಗ ಗಂಟೆಗೆ ಸುಮಾರು 190 ಕಿ.ಮೀ. ಮುಟ್ಟಿರುತ್ತದೆ. ಅಲ್ಲಿಂದಾಚೆಗೆ ಹೊಟ್ಟೆ ಕೆಳಗಾಗಿ ಬೀಳುವವರು ಪ್ರತಿ 1,000 ಅಡಿಯನ್ನು ಐದೂವರೆ ಸೆಕೆಂಡಿಗೆ ದಾಟುತ್ತಾರೆ. ಎಲ್ಲ ಸೇರಿ ಒಂದು ನಿಮಿಷದೊಳಗಿನ ಆಟ. ಆ ಒಂದು ನಿಮಿಷದಲ್ಲಿ ಕಣ್ಣು ಎದುರಿಗಿರುವ ಗೆಳೆಯರ ಮೇಲೆ, ಹಿಡಿಯಬೇಕಾದ ಕೈಗಳ ಮೇಲೆ ಇರುತ್ತದೆ. ಹೊಸಬರಿಗಂತೂ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಕಣ್ಣಿಗೆ ಬಿಡುವಿಲ್ಲದಿದ್ದರೂ ಕಿವಿಗೆ ಬಿಡುವಿದೆ.

ಹಾಗೆಂದು ಆಡಿಬಲ್ ಇದ್ದರೆ ಕೈಯ ಮೀಟರ್ ಬೇಡ ಎಂದುಕೊಳ್ಳಬೇಡಿ. ಇದು ಎರಡನೆಯ ಸಾಕ್ಷಿ ಅಷ್ಟೆ. ಗಾಳಿಯ ಭೋರ್ಗರೆತದಲ್ಲಿ ಬೀಪ್ ಕೇಳಿಸದೇ ಹೋಗಬಹುದು, ಸೆಲ್ ಸಾಯಬಹುದು, ಆನ್ ಮಾಡುವುದೇ ಮರೆತುಹೋಗಬಹುದು. ಗಾಬರಿಯಲ್ಲಿ ಮನುಷ್ಯನ ಕಿವಿ ಶಬ್ದವನ್ನು ಕೈಬಿಡುವುದೂ ಉಂಟು. ಎತ್ತರ ಎಷ್ಟೆಂದು ನಿಮಗೆ ಮೊದಲೇ ಗೊತ್ತಿರಬೇಕು, ಬೀಪ್ ಬಂದು ಅದಕ್ಕೆ ‘ಹೌದು’ ಎನ್ನಬೇಕು. ಬೀಪ್ ಕೇಳಿ ನೀವು ಬೆಚ್ಚಿದಿರಾದರೆ ಆ ಜಿಗಿತದಲ್ಲಿ ಏನೋ ಸರಿಯಿರಲಿಲ್ಲ ಎಂದೇ ಲೆಕ್ಕ.

ಎತ್ತರ ಇದಕ್ಕೆ ಗೊತ್ತಾಗುವುದು ಹೇಗೆ?

ಗಾಳಿಯ ಒತ್ತಡದಿಂದ. ಸಮುದ್ರಮಟ್ಟದಲ್ಲಿ ಸುಮಾರು 1,013 ಹೆಕ್ಟೋಪ್ಯಾಸ್ಕಲ್ ಇರುವ ಒತ್ತಡ 13,000 ಅಡಿಯಲ್ಲಿ ಸುಮಾರು 620ಕ್ಕೆ ಇಳಿಯುತ್ತದೆ. ಪೆಟ್ಟಿಗೆಯೊಳಗಿನ ಸೆನ್ಸರ್ ಇದನ್ನು ಗ್ರಹಿಸಿ ಅಡಿಗೆ ಪರಿವರ್ತಿಸುತ್ತದೆ. ಒತ್ತಡ ಎಷ್ಟು ಬೇಗ ಏರುತ್ತಿದೆ ಎಂಬುದರಿಂದ ನೀವು ಯಾವ ವೇಗದಲ್ಲಿ ಇಳಿಯುತ್ತಿದ್ದೀರಿ ಎಂದೂ ಅಳೆಯುತ್ತದೆ. ಈ ಎರಡನೆಯ ಅಳತೆ ಮುಖ್ಯ. ವಿಮಾನದಲ್ಲಿ ಏರುತ್ತಿದ್ದೀರೋ, ಫ್ರೀಫಾಲ್‌ನಲ್ಲಿ ಬೀಳುತ್ತಿದ್ದೀರೋ, ಬಿಚ್ಚಿಕೊಂಡ ಪ್ಯಾರಾಚೂಟಿನ ಕೆಳಗೆ ತೇಲುತ್ತಿದ್ದೀರೋ ಎಂದು ಅದು ತಿಳಿಯುವುದು ಹೀಗೆ. ನೀವು ಸಕಾಲಕ್ಕೆ ಪ್ಯಾರಾಚೂಟ್ ಬಿಚ್ಚಿದರೆ, ಅದಕ್ಕಿಂತ ಕೆಳಗಿನ ಎತ್ತರಕ್ಕೆ ಇಟ್ಟ ಫ್ರೀಫಾಲ್ ಅಲಾರಂ ಕೂಗುವುದೇ ಇಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇಲ್ಲಿ ಎತ್ತರ ಎಂದರೆ ಇಳಿಯುವ ನೆಲದಿಂದ ಮೇಲಕ್ಕೆ, ಸಮುದ್ರಮಟ್ಟದಿಂದಲ್ಲ. ಮೈಸೂರು ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 2,300 ಅಡಿ ಮೇಲಿದೆ. ಅಲ್ಲಿ ನಿಂತಾಗಲೂ ನಿಮ್ಮ ಆಡಿಬಲ್‌ಗೆ ಅದು ಸೊನ್ನೆ ಆಗಿರಬೇಕು. ನೆಲದ ಮೇಲೆ ಆನ್ ಮಾಡಿದಾಗ ಬಹುತೇಕ ಮಾದರಿಗಳು ತಾವಾಗಿಯೇ ಸೊನ್ನೆಗೆ ಬರುತ್ತವೆ. ಹವೆಯ ಒತ್ತಡ ದಿನವಿಡೀ ಸ್ವಲ್ಪ ಏರಿಳಿಯುತ್ತಿರುವುದರಿಂದ ಆಗಾಗ ಸರಿಪಡಿಸಿಕೊಳ್ಳುತ್ತಲೂ ಇರುತ್ತವೆ. ಆದ್ದರಿಂದ ಮನೆಯಲ್ಲಿ ಆನ್ ಮಾಡಿ ತರುವುದಕ್ಕಿಂತ ಡ್ರಾಪ್‌ಝೋನ್‌ನಲ್ಲೇ, ಅಂದರೆ ಜಿಗಿದವರು ಇಳಿಯುವ ಮೈದಾನದಲ್ಲೇ ಆನ್ ಮಾಡುವುದು ವಾಸಿ.

ವಿಮಾನ ಒಂದು ಕಡೆ ಏರಿ, ನೀವು ಇನ್ನೊಂದು ಕಡೆ ಇಳಿಯುವುದಾದರೆ? ಆಗ ‘ಆಫ್‌ಸೆಟ್’, ಅಂದರೆ ಎರಡು ಜಾಗಗಳ ಎತ್ತರದ ವ್ಯತ್ಯಾಸವನ್ನು ತುಂಬಿಸಬೇಕು. ಇಳಿಯುವ ಜಾಗ 800 ಅಡಿ ಮೇಲಿದ್ದು ನೀವು ಆಫ್‌ಸೆಟ್ ಮರೆತಿರೆನ್ನಿ, 2,500 ಅಡಿಯ ಅಲಾರಂ ನೆಲದಿಂದ 1,700 ಅಡಿ ಇರುವಾಗ ಕೂಗುತ್ತದೆ. ಕೂಡಿಸಬೇಕೋ ಕಳೆಯಬೇಕೋ ಎಂಬುದು ಮಾದರಿಗೆ ತಕ್ಕಂತೆ ಬೇರೆ, ಕೈಪಿಡಿ ನೋಡಿಯೇ ಹಾಕಿ.

ಲೆಕ್ಕ ನೆಲದಿಂದ ಮೇಲಕ್ಕೆ

ಹೆಚ್ಚಿನವರು ಮೊದಲ ಅಲಾರಮಿನಿಂದ ಶುರುಮಾಡುತ್ತಾರೆ. ನನ್ನ ಸಲಹೆ ಉಲ್ಟಾ: ಮೂರನೆಯದರಿಂದ ಶುರುಮಾಡಿ. ಬದಲಾಗದೆ ಇರುವುದು ನೆಲ ಒಂದೇ, ಆದ್ದರಿಂದ ಲೆಕ್ಕ ಅಲ್ಲಿಂದಲೇ ಏರಬೇಕು.

ಅಮೆರಿಕದಲ್ಲಿ ಈ ಕ್ರೀಡೆಯ ನಿಯಮ ರೂಪಿಸುವುದು ಯುನೈಟೆಡ್ ಸ್ಟೇಟ್ಸ್ ಪ್ಯಾರಾಚೂಟ್ ಅಸೋಸಿಯೇಷನ್, ಚುಟುಕಾಗಿ ಯುಎಸ್‌ಪಿಎ. ಅದರ ಪ್ರಕಾರ ವಿದ್ಯಾರ್ಥಿಗಳು ಮತ್ತು ‘ಎ’ ಲೈಸೆನ್ಸ್‌ನವರು 3,000 ಅಡಿಗಿಂತ ಕೆಳಗೆ ಪ್ಯಾರಾಚೂಟ್ ಬಿಚ್ಚುವಂತಿಲ್ಲ. ‘ಬಿ’ಯಿಂದ ಮೇಲಿನವರಿಗೆ ಗಡಿ 2,500 ಅಡಿ. ಟ್ಯಾಂಡೆಮ್‌ಗೆ 5,000. ಇವು ಕನಿಷ್ಠ ಮಿತಿಗಳು. ಜಾಣರು ಇದಕ್ಕಿಂತ ಮೇಲೆಯೇ ಬಿಚ್ಚುತ್ತಾರೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ನಿಮ್ಮ ಬಳಿ ‘ಬಿ’ ಲೈಸೆನ್ಸ್ ಇದೆ. ನಾಲ್ವರು ಗೆಳೆಯರು ಹೊಟ್ಟೆ ಕೆಳಗಾಗಿ ಬೀಳುತ್ತಾ ಕೈ ಕೈ ಹಿಡಿದು ವೃತ್ತ ಮಾಡುವ ಜಿಗಿತ. 3,500 ಅಡಿಗೆ ಪ್ಯಾರಾಚೂಟ್ ಬಿಚ್ಚಬೇಕೆಂದು ಎಲ್ಲರೂ ಒಪ್ಪಿದ್ದೀರಿ.

ಮೂರನೆಯ ಅಲಾರಮನ್ನು 2,500ಕ್ಕೆ ಇಡಿ. ಇದು ನಿಮ್ಮ ಗಡಿ. ಬಿಚ್ಚಿದ ಪ್ಯಾರಾಚೂಟ್ ಪೂರ್ತಿ ಅರಳಲು 600ರಿಂದ 1,000 ಅಡಿ ಬೇಕಾಗುತ್ತದೆ. 3,500ಕ್ಕೆ ಬಿಚ್ಚಿದ್ದರೆ 2,500 ಬರುವಷ್ಟರಲ್ಲಿ ನೀವು ನಿಧಾನವಾಗಿ ತೇಲುತ್ತಿರುತ್ತೀರಿ, ಸೈರನ್ ಕೂಗುವುದಿಲ್ಲ. ಎಲ್ಲ ಸರಿಯಾಗಿ ನಡೆದ ಜಿಗಿತದಲ್ಲಿ ನೀವು ಕೇಳಬಾರದ ಶಬ್ದ ಇದು. ಕೇಳಿತೆಂದರೆ, ಅದೇ ವೇಗದಲ್ಲಿ ನೆಲಕ್ಕೆ ಉಳಿದಿರುವುದು ಸುಮಾರು 14 ಸೆಕೆಂಡು. ಸೈರನ್ ಬಂದಾಗ ತಲೆಯ ಮೇಲೆ ಏನೂ ಇಲ್ಲದಿದ್ದರೆ ಯಾವ ಹಿಡಿ ಎಳೆಯಬೇಕು, ಮುಖ್ಯ ಪ್ಯಾರಾಚೂಟಿನದೋ, ಮೀಸಲು ಪ್ಯಾರಾಚೂಟಾದ ರಿಸರ್ವಿನದೋ? ಇದನ್ನು ತರಬೇತುದಾರರ ಜೊತೆ ಕೂತು ನೆಲದ ಮೇಲೆಯೇ ತೀರ್ಮಾನಿಸಿರಬೇಕು. ಗಾಳಿಯಲ್ಲಿ ಯೋಚಿಸಲು ಹೊತ್ತಿಲ್ಲ.

ಕೆಲವರ ಪ್ಯಾರಾಚೂಟ್ ಸಾವಧಾನವಾಗಿ ಅರಳುವ ಜಾತಿಯದು. ಅಂಥವರಿಗೆ ಬಿಚ್ಚಿದ ಮೇಲೂ ಒಮ್ಮೊಮ್ಮೆ ಸೈರನ್ ಕೂಗಿ ಕಿರಿಕಿರಿಯಾಗುತ್ತದೆ. ಆಗ ಅಲಾರಮನ್ನು 2,000ಕ್ಕೆ ಇಳಿಸುವ ಆಸೆ ಬರುತ್ತದೆ. ಇಳಿಸಬೇಡಿ. ಬಿಚ್ಚುವ ಎತ್ತರವನ್ನೇ 4,000ಕ್ಕೆ ಏರಿಸಿ.

ಈಗ ಎರಡನೆಯದು. ಇದು ‘ಬಿಚ್ಚು’ ಎನ್ನುವ ಅಲಾರಂ. ಬಹಳ ಮಂದಿ ಇದನ್ನು ಬಿಚ್ಚುವ ಎತ್ತರಕ್ಕೇ, ನಮ್ಮ ಉದಾಹರಣೆಯಲ್ಲಿ 3,500ಕ್ಕೆ ಇಡುತ್ತಾರೆ. ನಾನಾದರೆ 4,000ಕ್ಕೆ ಇಡುತ್ತೇನೆ. ಏಕೆಂದರೆ ಬಿಚ್ಚುವ ಮುನ್ನ ಮಾಡುವ ಕೆಲಸವೊಂದಿದೆ: ಮೇಲೆ ಯಾರಾದರೂ ಇದ್ದಾರೆಯೇ ನೋಡಿ, ಎರಡೂ ಕೈ ಬೀಸಿ ‘ನಾನು ಬಿಚ್ಚುತ್ತಿದ್ದೇನೆ’ ಎಂದು ಸನ್ನೆ ಮಾಡುವುದು. 500 ಅಡಿ ಎಂದರೆ ಮೂರು ಸೆಕೆಂಡಿಗೂ ಕಡಿಮೆ, ಈ ಸನ್ನೆಗೆ ಸರಿಯಾಗಿ ಸಾಕು. 3,500ಕ್ಕೆ ಬೀಪ್ ಬಂದು ಆಮೇಲೆ ಕೈ ಬೀಸಿ ಬಿಚ್ಚಿದರೆ ನೀವು ಒಪ್ಪಿದ ಎತ್ತರ ಆಗಲೇ ದಾಟಿಹೋಗಿರುತ್ತದೆ.

ಮೊದಲನೆಯ ಅಲಾರಂ ‘ಬ್ರೇಕ್‌ಆಫ್’ಗೆ. ಗುಂಪು ಒಡೆದು, ತಿರುಗಿ, ಒಬ್ಬರಿಂದೊಬ್ಬರು ದೂರ ಜಾರುವ ಹೊತ್ತು ಅದು. ಪಕ್ಕಪಕ್ಕದಲ್ಲೇ ಬಿಚ್ಚಿದರೆ ಪ್ಯಾರಾಚೂಟುಗಳು ಡಿಕ್ಕಿಯಾಗುತ್ತವೆ. ಐವರೊಳಗಿನ ಗುಂಪಾದರೆ ಬಿಚ್ಚುವ ಎತ್ತರಕ್ಕಿಂತ ಕನಿಷ್ಠ 1,500 ಅಡಿ ಮೇಲೆ, ಆರು ಅಥವಾ ಹೆಚ್ಚು ಜನರಾದರೆ 2,000 ಅಡಿ ಮೇಲೆ ಒಡೆಯಬೇಕೆಂದು ಯುಎಸ್‌ಪಿಎ ಸಲಹೆ. ನಮ್ಮ ನಾಲ್ವರಿಗೆ 3,500ಕ್ಕೆ 1,500 ಸೇರಿಸಿ 5,000. ಗುಂಪಿನಲ್ಲಿ ಯಾರಾದರೂ ಒಬ್ಬರು 4,000ಕ್ಕೆ ಬಿಚ್ಚುವವರಿದ್ದರೆ ಲೆಕ್ಕ ಅವರಿಂದ ಹಿಡಿಯಬೇಕು, 5,500 ಆಗುತ್ತದೆ. ಮೊದಲ ಅಲಾರಂ ಎಲ್ಲರದೂ ಒಂದೇ ಇರಲಿ. ಒಬ್ಬರ ಹೆಲ್ಮೆಟ್ 5,500ಕ್ಕೂ ಇನ್ನೊಬ್ಬರದು 4,500ಕ್ಕೂ ಕೂಗಿದರೆ ಒಬ್ಬರು ಓಡುವಾಗ ಇನ್ನೊಬ್ಬರು ಕೈ ಹಿಡಿದೇ ಇರುತ್ತಾರೆ.

5,000, 4,000, 2,500. ನಡುವೆ ಸಾವಿರ ಅಡಿಯ ಅಂತರ ಇರುವುದು ಒಳ್ಳೆಯದು. ಒಂದೊಂದು ಕೂಗೂ ಕೆಲವು ಸೆಕೆಂಡು ಇರುವುದರಿಂದ ಹತ್ತಿರ ಹತ್ತಿರ ಇಟ್ಟರೆ ಯಾವುದು ಯಾವುದೆಂದು ತಿಳಿಯುವುದಿಲ್ಲ.

ಜಿಗಿತದ ಬಗೆ ಬದಲಾದರೆ ಸಂಖ್ಯೆಯೂ ಬದಲಾಗಬೇಕು. ಫ್ರೀಫ್ಲೈ ಮಾಡುವವರು, ಅಂದರೆ ಕೂತ ಭಂಗಿಯಲ್ಲೋ ತಲೆಕೆಳಗಾಗಿಯೋ ಬೀಳುವವರು, 1,000 ಅಡಿಯನ್ನು ನಾಲ್ಕು ಸೆಕೆಂಡಿಗೆಲ್ಲ ದಾಟುತ್ತಾರೆ. ಬಿಚ್ಚುವ ಮುನ್ನ ಅವರು ಹೊಟ್ಟೆಯ ಮೇಲೆ ಬಂದು ವೇಗ ತಗ್ಗಿಸಿಕೊಳ್ಳಬೇಕು ಬೇರೆ. ಆದ್ದರಿಂದ ಅವರ ಮೊದಲ ಅಲಾರಂ ಇನ್ನೂ ಮೇಲಿರಬೇಕು. ರೆಕ್ಕೆಯಂಥ ಉಡುಪು ತೊಟ್ಟ ವಿಂಗ್‌ಸೂಟ್‌ನವರದು ತದ್ವಿರುದ್ಧ. ಅವರು ಎಷ್ಟು ನಿಧಾನವಾಗಿ ಇಳಿಯುತ್ತಾರೆಂದರೆ, ಪ್ಯಾರಾಚೂಟ್ ಆಗಲೇ ಬಿಚ್ಚಿದೆ ಎಂದು ಆಡಿಬಲ್ ತಪ್ಪು ತಿಳಿಯುವ ಸಂಭವವಿದೆ. ವಿಂಗ್‌ಸೂಟಿಗೆಂದು ಪ್ರತ್ಯೇಕ ವ್ಯವಸ್ಥೆ ಇದೆಯೇ ನೋಡಿಕೊಳ್ಳಿ.

ಗುಂಡಿ ಒತ್ತುವ ಕೆಲಸ ಕಷ್ಟದ್ದೇನಲ್ಲ. ಆನ್ ಮಾಡಿ ಮೆನುವಿಗೆ ಹೋಗಿ. ಮೊದಲು ಅಳತೆ ಅಡಿಯಲ್ಲಿದೆಯೋ ಮೀಟರಿನಲ್ಲಿದೆಯೋ ನೋಡಿ. ಯುರೋಪಿನ ಹಲವು ಕಡೆ ಮೀಟರ್ ಬಳಕೆಯಿದೆ. ಪರದೆಯ ಮೇಲಿನ 1,500 ಮೀಟರ್ ಆದರೆ 4,900 ಅಡಿ, ಅಡಿಯೇ ಆದರೆ ನಿಮ್ಮ ಗಡಿಗಿಂತ ಸಾವಿರ ಅಡಿ ಕೆಳಗೆ. ಆಮೇಲೆ ಮೂರೂ ಸಂಖ್ಯೆ ತುಂಬಿಸಿ, ಉಳಿಸಿ, ಆಫ್ ಮಾಡಿ ಮತ್ತೆ ಆನ್ ಮಾಡಿ, ನಿಂತಿವೆಯೇ ನೋಡಿ. ಕೆಲವು ಮಾದರಿಗಳಲ್ಲಿ ಬೇರೆ ಬೇರೆ ಬಗೆಯ ಜಿಗಿತಕ್ಕೆ ಬೇರೆ ಬೇರೆ ಪಟ್ಟಿ ಉಳಿಸಿಟ್ಟುಕೊಳ್ಳಬಹುದು. ಅನುಕೂಲವೇನೋ ಸರಿ, ಆದರೆ ನಿನ್ನೆಯ ಪಟ್ಟಿ ಆಯ್ಕೆಯಾಗಿಯೇ ಉಳಿದಿರುವ ಅಪಾಯವೂ ಅದರ ಜೊತೆಗೇ ಬರುತ್ತದೆ.

ಏರುವಾಗಿನ ಬೀಪ್ ಇರುವ ಮಾದರಿಯಾದರೆ ಅದನ್ನು ಖಂಡಿತ ಬಳಸಿ. 1,500 ಅಡಿಗೆ ಒಂದು ಇಡಿ. ಅಮೆರಿಕದ ಅನೇಕ ಡ್ರಾಪ್‌ಝೋನ್‌ಗಳಲ್ಲಿ ಸೀಟ್ ಬೆಲ್ಟ್ ಬಿಚ್ಚುವ ಎತ್ತರ ಅದು. 10,000ಕ್ಕೆ ಇನ್ನೊಂದು, ಬಕಲ್ ಮತ್ತು ಹಿಡಿಗಳನ್ನೆಲ್ಲ ಕೊನೆಯ ಸಲ ಮುಟ್ಟಿ ನೋಡಲು. ಇದರ ನಿಜವಾದ ಲಾಭ ಬೇರೆಯೇ ಇದೆ: ಏರುವಾಗ ಬೀಪ್ ಕೇಳಿದರೆ ಆಡಿಬಲ್ ಆನ್ ಆಗಿದೆ, ಸೆಲ್ ಇದೆ, ಶಬ್ದ ಸಾಕಷ್ಟಿದೆ ಎಂಬ ಮೂರೂ ವಿಷಯ ವಿಮಾನದಲ್ಲೇ ಗೊತ್ತಾಗುತ್ತವೆ. ಕೇಳದಿದ್ದರೆ ಜಿಗಿಯುವ ಮೊದಲೇ ಗೊತ್ತಾಯಿತಲ್ಲ!

ಪ್ಯಾರಾಚೂಟ್ ಬಿಚ್ಚಿದ ಮೇಲಿನ ಅಲಾರಂಗಳೂ ಕೆಲವು ಮಾದರಿಗಳಲ್ಲಿವೆ. ಇಳಿಯುವ ದಾರಿಯ ತಿರುವುಗಳಿಗೆ 1,000, 600, 300 ಅಡಿಗಳಲ್ಲಿ ಇಡುವವರಿದ್ದಾರೆ. ಹೊಸಬರು ಇವನ್ನು ಆಫ್ ಮಾಡಿಡುವುದೇ ಮೇಲು. ಆ ಹೊತ್ತಿನಲ್ಲಿ ನೋಡಬೇಕಾದ್ದು ನೆಲವನ್ನು, ಗಾಳಿಯ ದಿಕ್ಕನ್ನು, ಸುತ್ತಲಿನ ಬೇರೆ ಪ್ಯಾರಾಚೂಟುಗಳನ್ನು.

ಕೆಲವು ಸಂದೇಹಗಳು

‘ಫೋನಿನಲ್ಲೂ ಒತ್ತಡದ ಸೆನ್ಸರ್ ಇದೆ, ಆ್ಯಪ್ ಹಾಕಿಕೊಂಡರೆ ಆಗದೇ?’ ಆಗದು. ಗಂಟೆಗೆ 190 ಕಿ.ಮೀ. ವೇಗದ ಗಾಳಿಯಲ್ಲಿ ಕಿವಿಗೆ ತಾಗುವಂತೆ ಕೂಗಲು ಫೋನನ್ನು ಮಾಡಿಲ್ಲ. ನಡುವೆ ಕರೆ ಬಂದರೆ ಏನು ಗತಿ?

‘ಆಡಿಬಲ್ ಪ್ಯಾರಾಚೂಟ್ ಬಿಚ್ಚುತ್ತದೆಯೇ?’ ಇಲ್ಲ, ಕೂಗುತ್ತದೆ ಅಷ್ಟೆ. ಬಿಚ್ಚುವ ಯಂತ್ರ ಬೇರೆ ಇದೆ. ಅದಕ್ಕೆ ಎಎಡಿ, ಅಂದರೆ ಆಟೊಮ್ಯಾಟಿಕ್ ಆ್ಯಕ್ಟಿವೇಶನ್ ಡಿವೈಸ್ ಎನ್ನುತ್ತಾರೆ. 1991ರಲ್ಲಿ ಜರ್ಮನಿಯ ಏರ್‌ಟೆಕ್ ಕಂಪನಿ ತಂದ ಸೈಪ್ರೆಸ್ ಇದರಲ್ಲಿ ಹೆಸರುವಾಸಿ. ಅನುಭವಿಗಳ ಮಾದರಿಯಲ್ಲಿ, 750 ಅಡಿಯಲ್ಲೂ ನೀವು ಫ್ರೀಫಾಲ್ ವೇಗದಲ್ಲೇ ಇದ್ದರೆ, ರಿಸರ್ವ್ ಪ್ಯಾರಾಚೂಟಿನ ಚೀಲ ಮುಚ್ಚಿ ಹಿಡಿದ ದಾರವನ್ನು ಒಳಗಿನ ಪುಟ್ಟ ಅಲಗು ಕತ್ತರಿಸುತ್ತದೆ. ನಮ್ಮ ಮೂರನೆಯ ಅಲಾರಂ ಕೂಗಿದ 10 ಸೆಕೆಂಡಿಗೆ ಈ ಎತ್ತರ ಬರುತ್ತದೆ. ಅಲ್ಲಿಯವರೆಗೆ ಕಾಯುವುದು ಯೋಜನೆ ಆಗಬಾರದು.

‘ಪಕ್ಕದವರ ಬೀಪ್ ನನಗೆ ಕೇಳಿಸಿ ಗೊಂದಲವಾಗದೇ?’ ವಿಮಾನದಲ್ಲಿ ಒತ್ತೊತ್ತಾಗಿ ಕೂತಾಗ ಕೇಳಿಸಬಹುದು. ಫ್ರೀಫಾಲ್‌ನಲ್ಲಿ ನಿಮ್ಮ ಕಿವಿಗೆ ಅಂಟಿಕೊಂಡಿರುವುದೇ ಕೇಳಿಸುವುದು. ಅದಕ್ಕೇ ಸ್ಪೀಕರ್ ಕಿವಿಯ ಕಡೆಗೇ ಮುಖ ಮಾಡಿರಬೇಕು, ಪೆಟ್ಟಿಗೆ ಜೇಬಿನಲ್ಲಿ ತಿರುಗದಂತೆ ಬಿಗಿಯಾಗಿ ಕೂತಿರಬೇಕು. ನೆಗಡಿಯಾಗಿ ಕಿವಿ ಕಟ್ಟಿದ ದಿನ ಜಿಗಿಯಬೇಡಿ. ಒತ್ತಡದ ಏರಿಳಿತಕ್ಕೆ ಕಿವಿ ನೋಯುವುದಷ್ಟೇ ಅಲ್ಲ, ಬೀಪೂ ಸರಿಯಾಗಿ ಕೇಳಿಸುವುದಿಲ್ಲ.

‘ಕಲಿಯುವಾಗಲೇ ಕೊಳ್ಳಲೇ?’ ತರಬೇತುದಾರರನ್ನು ಕೇಳಿ. ಹಲವರು ಬೇಡ ಎನ್ನುತ್ತಾರೆ, ನನಗೂ ಅದು ಸರಿಯೆನಿಸುತ್ತದೆ. ಯುಎಸ್‌ಪಿಎಯ ‘ಎ’ ಲೈಸೆನ್ಸಿಗೆ 25 ಜಿಗಿತ ಬೇಕು. ಅಷ್ಟರಲ್ಲಿ ಕೈಯ ಮೀಟರ್ ನೋಡುವುದು ಉಸಿರಾಟದಷ್ಟು ಸಹಜವಾಗಿರಬೇಕು. ಮೊದಲೇ ಬೀಪ್ ಸಿಕ್ಕಿದರೆ ಕಣ್ಣು ಸೋಮಾರಿಯಾಗುತ್ತದೆ.

ಬೆಲೆ, ಸಿಗುವ ಜಾಗ

ಡೆನ್ಮಾರ್ಕಿನ ಎಲ್ ಅಂಡ್ ಬಿ ಕಂಪನಿಯ ಸೋಲೊ ಮತ್ತು ಆಪ್ಟಿಮಾ ಬಹುಕಾಲದಿಂದ ಹೆಸರು ಮಾಡಿದ ಮಾದರಿಗಳು. ಅಮೆರಿಕದ ಆಲ್ಟಿ-2 ಕೂಡ ಈ ಕ್ಷೇತ್ರದ ಹಳೆಯ ಕಂಪನಿ. ಹೊರದೇಶದಲ್ಲಿ ಬೆಲೆ ಸುಮಾರು 150ರಿಂದ 300 ಡಾಲರ್, ನಮ್ಮ ಲೆಕ್ಕದಲ್ಲಿ ಹದಿಮೂರು ಸಾವಿರದಿಂದ ಇಪ್ಪತ್ತಾರು ಸಾವಿರ ರೂಪಾಯಿಯ ಆಸುಪಾಸು. ಮೂರು ಅಲಾರಂ ಮಾತ್ರ ಸಾಕೆಂದರೆ ಕಡಿಮೆ ಬೆಲೆಯದೇ ಸಾಕು. ದುಡ್ಡು ಹೆಚ್ಚು ಕೊಟ್ಟಂತೆ ಸಿಗುವುದು ಪ್ಯಾರಾಚೂಟ್ ಕೆಳಗಿನ ಅಲಾರಂ, ಜಿಗಿತದ ದಾಖಲೆ, ಕಂಪ್ಯೂಟರಿಗೆ ಜೋಡಣೆ ಇಂಥವು.

ಬೆಂಗಳೂರಿನ ಸಾಮಾನ್ಯ ಕ್ರೀಡಾ ಅಂಗಡಿಗಳಲ್ಲಿ ಇದನ್ನು ಹುಡುಕಿ ಪ್ರಯೋಜನವಿಲ್ಲ. ನೀವು ಜಿಗಿಯುವ ಡ್ರಾಪ್‌ಝೋನ್‌ನ ಅಂಗಡಿಯಲ್ಲಿ, ಸ್ಕೈಡೈವಿಂಗ್ ಸಾಮಾನು ಮಾರುವ ಆನ್‌ಲೈನ್ ಅಂಗಡಿಗಳಲ್ಲಿ ಸಿಗುತ್ತದೆ. ಭಾರತಕ್ಕೆ ತರಿಸಿದರೆ ಕಸ್ಟಮ್ಸ್ ಸುಂಕ ಬೇರೆ. ಕೊಳ್ಳುವ ಮೊದಲು ನಿಮ್ಮ ಹೆಲ್ಮೆಟ್ಟಿನ ಜೇಬಿಗೆ ಆ ಮಾದರಿ ಹಿಡಿಸುತ್ತದೆಯೇ ನೋಡಿ. ಕೆಲವಕ್ಕೆ ಗುಂಡಿ ಸೆಲ್, ಕೆಲವು ಚಾರ್ಜ್ ಮಾಡುವಂಥವು. 13,000 ಅಡಿಯಲ್ಲಿ ನೆಲಕ್ಕಿಂತ ಸುಮಾರು 25 ಡಿಗ್ರಿ ಚಳಿ ಹೆಚ್ಚು, ನೆಲದ ಮೇಲೆ ‘ಪರವಾಗಿಲ್ಲ’ ಎನಿಸುವ ಹಳೆಯ ಸೆಲ್ ಅಲ್ಲಿ ಕೈಕೊಡಬಹುದು. ಪರದೆಯಲ್ಲಿ ಸೆಲ್ ಕ್ಷೀಣವೆಂಬ ಗುರುತು ಕಂಡ ದಿನವೇ ಬದಲಿಸಿ.

ಸಂಖ್ಯೆಗಳನ್ನು ಇಟ್ಟಾದ ಮೇಲೆ ಡ್ರಾಪ್‌ಝೋನ್‌ನ ಸುರಕ್ಷಾ ಸಲಹೆಗಾರರಿಗೆ ಒಮ್ಮೆ ತೋರಿಸಿ. ಅವರು ಇರುವುದೇ ಅದಕ್ಕೆ, ಕೇಳಲು ಸಂಕೋಚ ಬೇಡ. ಇನ್ನು, ಗೆಳೆಯರ ಹೆಲ್ಮೆಟ್ ಎರವಲು ಪಡೆದ ದಿನ ಅದರೊಳಗಿನ ಆಡಿಬಲ್ ಹೊರತೆಗೆದು, ಅಡಿಯೋ ಮೀಟರೋ ಎಂದು ನೋಡಿ, ಮೂರೂ ಸಂಖ್ಯೆಯನ್ನು ನಿಮ್ಮ ಲೆಕ್ಕಕ್ಕೆ ಬದಲಿಸದೆ ವಿಮಾನ ಹತ್ತಬೇಡಿ.